ಸೊನ್ನೆ, ಸೊನ್ನೆ, ಒಂದು: ಗಡಿನಾಡಿನಲ್ಲಿ ಒಂದು ಪೋಸ್ಟ್‌ಡಾಕ್

ಪಿಎಚ್.ಡಿ. ಆದ ಮೇಲೂ ಕಲಿಯುವುದಕ್ಕೆ ಏನು ಉಳಿದಿರುತ್ತದೆ ಎಂದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಮನೆಯಲ್ಲಿ ಅಮ್ಮ ಆಗಾಗ ಕೇಳುತ್ತಿರುತ್ತಾರೆ. ಮಾನಸಿಕ ಆರೋಗ್ಯ ಸೇವೆಗಳ ಸಂಶೋಧನೆಯಲ್ಲಿ ಎರಡು ವರ್ಷಗಳ ಪೋಸ್ಟ್‌ಡಾಕ್ ತರಬೇತಿಗೆ ಸೇರಿ ನನಗೆ ಹದಿನಾಲ್ಕು ತಿಂಗಳಾಯಿತು. ಅಮ್ಮನಿಗೆ ಊಟದ ಹೊತ್ತಿನಲ್ಲಿ ಹೇಳಿ ಮುಗಿಸಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಪಿಎಚ್.ಡಿ. ಪ್ರಬಂಧವು ಖಿನ್ನತೆಯನ್ನು ಕುರಿತಾಗಿತ್ತು. ಯಾರಿಗೆ ಕಾಯಿಲೆ ಇದೆ, ಎಷ್ಟು ತೀವ್ರವಾಗಿದೆ, ಮನೆಯ ಪರಿಸ್ಥಿತಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನಷ್ಟೇ ಆಗ ನೋಡಿದ್ದೆ. ಸೇವೆಗಳ ಸಂಶೋಧನೆಯು ಕೇಳುವ ಪ್ರಶ್ನೆಯೇ ಬೇರೆ: ಕಾಯಿಲೆಗೆ ಚಿಕಿತ್ಸೆ ಇದೆ, ಚಿಕಿತ್ಸೆ ಕೊಡುವವರೂ ಇದ್ದಾರೆ, ಹಾಗಿದ್ದೂ ಅದು ಕಾಯಿಲೆಯವರ ಕೈಗೆ ಏಕೆ ಸಿಗುವುದಿಲ್ಲ? ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು 1982ರಲ್ಲಿ. ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಕಾರ್ಯಕ್ರಮ ಶುರುವಾಯಿತು. ಇಷ್ಟೆಲ್ಲ ಆದ ಮೇಲೂ, ಕೇರಳವೂ ಸೇರಿ ಹನ್ನೆರಡು ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದೂ, ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗೆ ಇದೆಯೆಂದೂ ಹೇಳಿತು. ಈ ಅಂತರ ಏಕೆ ಉಳಿದಿದೆ ಎಂದು ಹುಡುಕುವುದೇ ನಾನು ಕಲಿಯುತ್ತಿರುವ ಕೆಲಸ.

ತರಬೇತಿಯ ಒಂದು ಭಾಗ ತರಗತಿಯಲ್ಲಿ ನಡೆಯುತ್ತದೆ. ಸಂಖ್ಯಾಶಾಸ್ತ್ರ, ಸಂದರ್ಶನದ ಕ್ರಮ, ವೆಚ್ಚದ ಲೆಕ್ಕಾಚಾರ, ಅನುದಾನಕ್ಕೆ ಪ್ರಸ್ತಾವ ಬರೆಯುವುದು ಇವೆಲ್ಲ ಅದರಲ್ಲಿ ಸೇರಿವೆ. ಮಾರ್ಗದರ್ಶಕರು ನಮಗೆ ಮೊದಲು ಓದಿಸಿದ್ದು ಗೋವಾದ ಮಾನಸ್ ಪ್ರಯೋಗವನ್ನು. ಅದರ ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ವೈದ್ಯರಲ್ಲದ, ತರಬೇತಿ ಪಡೆದ ಆಪ್ತಸಮಾಲೋಚಕರನ್ನು ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿ ಕೂರಿಸಿದಾಗ ಖಿನ್ನತೆ ಮತ್ತು ಆತಂಕ ಇದ್ದವರು ಹೆಚ್ಚು ಸಂಖ್ಯೆಯಲ್ಲಿ ಚೇತರಿಸಿಕೊಂಡದ್ದು ಸರಕಾರಿ ಕೇಂದ್ರಗಳಲ್ಲಿ ಮಾತ್ರ. ಖಾಸಗಿ ವೈದ್ಯರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ತರಬೇತಿ, ಒಂದೇ ವಿಧಾನ, ಆದರೆ ಜಾಗ ಬದಲಾದಾಗ ಪರಿಣಾಮವೂ ಬದಲಾಯಿತು. ಚಿಕಿತ್ಸೆಯಷ್ಟೇ ಅದನ್ನು ಕೊಡುವ ಜಾಗವೂ ಅಧ್ಯಯನದ ವಸ್ತು ಎಂಬ ಮಾತು ನನಗೆ ಸ್ಪಷ್ಟವಾದದ್ದು ಆ ಪ್ರಬಂಧವನ್ನು ಓದಿದ ದಿನ.

ಇನ್ನೊಂದು ಭಾಗ ಕ್ಲಿನಿಕ್‌ನಲ್ಲಿ. ಜಿಲ್ಲೆಯ ಉತ್ತರ ಭಾಗದ ಒಂದು ಆರೋಗ್ಯ ಕೇಂದ್ರಕ್ಕೆ ಮಾನಸಿಕ ಆರೋಗ್ಯ ತಂಡ ನಿಗದಿತ ದಿನ ಬರುತ್ತದೆ. ನನಗೆ ವಹಿಸಿದ ಮೊದಲ ಕೆಲಸ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರನ್ನು ರಿಜಿಸ್ಟರಿನಲ್ಲಿ ಹುಡುಕಿ, ಅವರು ಒಪ್ಪಿದರೆ ಮನೆಗೆ ಹೋಗಿ ಕಾರಣ ಕೇಳುವುದಾಗಿತ್ತು. ನಾಚಿಕೆ, ಊರವರ ಬಾಯಿ, ಮಂತ್ರವಾದಿಯ ಮೇಲಿನ ನಂಬಿಕೆ ಎಂದು ಕಾರಣಗಳ ಪಟ್ಟಿಯನ್ನು ನಾನು ಮೊದಲೇ ಸಿದ್ಧಮಾಡಿಕೊಂಡಿದ್ದೆ.

ಮೂರನೆಯ ಮನೆಯಲ್ಲಿ ಅಡಕೆ ಸುಲಿಯುತ್ತಿದ್ದ ಒಬ್ಬ ಹೆಂಗಸು ಒಳಗಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಕಾಗದದ ಲಕೋಟೆಗಳಿದ್ದವು. ಪ್ರತಿಯೊಂದರ ಮೇಲೂ ಮಾತ್ರೆಯ ಹೆಸರು, ಅದರ ಕೆಳಗೆ ನೀಲಿ ಪೆನ್ನಿನಲ್ಲಿ ‘0–0–1’ ಎಂದು ಬರೆದಿತ್ತು. ಬೆಳಗ್ಗೆ ಬೇಡ, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಲಕೋಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾತ್ರೆ ಹಾಗೆಯೇ ಉಳಿದಿರುವುದನ್ನು ನೋಡಿ ಹೇಗೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿದೆ. “ಅದರಲ್ಲೇ ಬರೆದಿದೆಯಲ್ಲ ಟೀಚರೇ, ಎರಡು ದಿವಸ ಇಲ್ಲ, ಮೂರನೇ ದಿವಸ ಒಂದು” ಎಂದು ಅವರು ಬೆರಳಿಟ್ಟು ತೋರಿಸಿದರು. ನಮ್ಮಲ್ಲಿ ಪುಸ್ತಕ ಹಿಡಿದು ಬಂದ ಹೆಂಗಸರೆಲ್ಲ ಟೀಚರೇ. ಹೇಳಿದ ಹಾಗೆಯೇ ನಡೆದುಕೊಂಡಿದ್ದೇನೆ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು. ಗುಣ ಕಾಣದ್ದರಿಂದ ನಾಲ್ಕು ತಿಂಗಳ ಮೇಲೆ ಅವರು ಕ್ಲಿನಿಕ್‌ಗೆ ಹೋಗುವುದನ್ನೇ ನಿಲ್ಲಿಸಿದ್ದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಔಷಧಕ್ಕೆ ಸ್ಪಂದನೆ ಇಲ್ಲ’ ಎಂದು ಬರೆದಿತ್ತು.

ಅವರಿಗೆ ಮಾತ್ರೆ ಕೊಟ್ಟವರು ಮಲಯಾಳದಲ್ಲಿ ವಿವರಿಸಿಯೇ ಕೊಟ್ಟಿದ್ದರು, ಇವರು ತಲೆಯಾಡಿಸಿದ್ದರು. ಇಬ್ಬರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೆಯ ಸೆಕ್ಷನ್, ಚಿಕಿತ್ಸೆಯ ಮಾಹಿತಿಯನ್ನು ಕೇಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೂಪದಲ್ಲಿ ಪಡೆಯುವುದು ಹಕ್ಕು ಎಂದು ಹೇಳುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಮಾತುಗಳೆಲ್ಲ ಒಂದೇ ಬಸ್ಸಿನಲ್ಲಿ ಕೇಳಿಬರುವ ಈ ಊರುಗಳಲ್ಲಿ ಆ ಒಂದು ಸಾಲನ್ನು ಆಚರಣೆಗೆ ತರುವುದು ಹೇಗೆಂಬುದು ಒಬ್ಬರ ಇಡೀ ಪೋಸ್ಟ್‌ಡಾಕ್‌ಗೆ ಸಾಲುವಷ್ಟು ದೊಡ್ಡ ವಿಷಯ.

ಭಾಷೆಯ ತೊಡಕು ಮಾತ್ರೆಯ ಲಕೋಟೆಗಿಂತ ಮೊದಲೇ, ಪ್ರಶ್ನಾವಳಿಯಲ್ಲೇ ಶುರುವಾಗುತ್ತದೆ. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆಗಳಿವೆ, ಒಟ್ಟು ಅಂಕ ಸೊನ್ನೆಯಿಂದ 27. ಅದಕ್ಕೆ ಕನ್ನಡ ರೂಪವಿದೆ. ಆದರೆ ಇಲ್ಲಿನ ಹಿರಿಯರು ಚಿಂತೆಯನ್ನು ಹೇಳುವುದು ‘ಮಂಡೆಬೆಚ್ಚ’ (ತಲೆಬಿಸಿ) ಎಂದು. ನಮ್ಮ ತಂಡದ ದಕ್ಷಿಣ ಕೇರಳದ ಯುವಕನೊಬ್ಬ, ತುಂಬ ಶ್ರದ್ಧೆಯಿಂದ ಕೆಲಸ ಮಾಡುವವನು, ಅಜ್ಜಿಯೊಬ್ಬರು ಹಾಗೆ ಹೇಳಿದ್ದನ್ನು ‘ತಲೆನೋವು, ಜ್ವರ’ ಎಂದು ದಾಖಲಿಸಿದ್ದ. ‘ಬೇಜಾರು’ ಎಂಬ ಪದವನ್ನೇ ಒಬ್ಬರು ದುಃಖಕ್ಕೆ, ಇನ್ನೊಬ್ಬರು ಹೊತ್ತು ಹೋಗದಿರುವುದಕ್ಕೆ, ಮತ್ತೊಬ್ಬರು ಸೊಸೆಯ ಮೇಲಿನ ಮುನಿಸಿಗೆ ಬಳಸುತ್ತಾರೆ. ಆದ್ದರಿಂದ ಈಗ ಪ್ರಶ್ನೆಯನ್ನು ಓದಿ ಅಂಕ ಹಾಕುವ ಮೊದಲು, ಅದರಿಂದ ಅವರಿಗೆ ಏನು ಅರ್ಥವಾಯಿತು ಎಂದು ಅವರ ಮಾತಿನಲ್ಲೇ ಹೇಳಿಸಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ಒಂದು ಪ್ರಶ್ನೆಗೆ ಒಂದು ಬೆಳಗ್ಗೆ ಕಳೆದುಹೋದದ್ದೂ ಉಂಟು, ಅದು ನಷ್ಟವೆಂದು ನನಗೆ ಅನ್ನಿಸಿಲ್ಲ.

ನಮ್ಮ ಜಿಲ್ಲೆಯ ಇನ್ನೊಂದು ವಾಸ್ತವವನ್ನು ಹೊರಗಿನಿಂದ ಬಂದ ಸಂಶೋಧಕರು ಗಮನಿಸುವುದು ಕಡಿಮೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಬಹಳಷ್ಟು ಮಂದಿ ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೇ ಹೋಗುತ್ತಾರೆ. ಅಲ್ಲಿ ಬರೆದುಕೊಟ್ಟ ಚೀಟಿ ಇಲ್ಲಿನ ಕೇಂದ್ರಕ್ಕೆ ಬರುವುದಿಲ್ಲ, ಇಲ್ಲಿನ ಲೆಕ್ಕ ಅಲ್ಲಿಗೆ ಹೋಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಒಳದಾರಿಗಳಿಗೂ ಮಣ್ಣು ಸುರಿದಾಗ, ಮನಸ್ಸಿನ ತೀವ್ರ ಏರಿಳಿತವನ್ನು ತಡೆಯುವ ಲಿಥಿಯಂನಂಥ ಔಷಧವನ್ನು ದಿನವೂ ತೆಗೆದುಕೊಳ್ಳುತ್ತ ಆಗಾಗ ರಕ್ತಪರೀಕ್ಷೆ ಮಾಡಿಸಬೇಕಾದವರ ಹೆಸರು ಈ ಕಡೆಯ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಅವರನ್ನು ಹುಡುಕುವುದಾದರೂ ಹೇಗೆ? ‘ಮೊದಲು ಎಲ್ಲಿ ಚಿಕಿತ್ಸೆ ಪಡೆದಿರಿ’, ‘ಮನೆಯಲ್ಲಿ ಆಡುವ ಮಾತು ಯಾವುದು’ ಎಂಬ ಎರಡು ಕಾಲಮುಗಳನ್ನು ನಾನು ನನ್ನ ಅಧ್ಯಯನದ ಪುಸ್ತಕದಲ್ಲಿ ಸೇರಿಸಿಕೊಂಡಿದ್ದೇನೆ. ಸರಕಾರಿ ರಿಜಿಸ್ಟರಿನಲ್ಲಿ ಅವು ಇಲ್ಲ, ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ದಾರಿಗೆ ಬರಬೇಕೆಂದಿರುವ ಕಿರಿಯರಿಗೆ ಒಂದು ಮಾತು. ಅಮೆರಿಕದಲ್ಲಿ ಟಿ32 ಎಂಬ ಅನುದಾನದಲ್ಲಿ ಇದೇ ವಿಷಯಕ್ಕೆ ವ್ಯವಸ್ಥಿತ ತರಬೇತಿ ಇದೆ, ಆದರೆ ಅದು ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ನಮ್ಮಲ್ಲಿ ವೈದ್ಯಕೀಯ ಸಂಶೋಧನೆಯ ಐಸಿಎಂಆರ್, ಸಮಾಜ ವಿಜ್ಞಾನ ಸಂಶೋಧನೆಯ ಐಸಿಎಸ್‌ಎಸ್‌ಆರ್ ಎಂಬ ರಾಷ್ಟ್ರೀಯ ಮಂಡಳಿಗಳ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗಳಿವೆ. ಅರ್ಜಿಯಲ್ಲಿ ಕಾಸರಗೋಡನ್ನು ಹಿಂದುಳಿದ ಜಿಲ್ಲೆ ಎಂದಷ್ಟೇ ಬರೆದು ಬಿಡಬೇಡಿ. ಎರಡು ರಾಜ್ಯಗಳ ಸೇವೆಯನ್ನು ಒಂದೇ ಮನೆಯವರು ಬಳಸುವ ಜಾಗ ಎಂದು ಬರೆಯಿರಿ.

ಸದ್ಯ ನಾವು ಹೊಸ ಲಕೋಟೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅಂಕಿಗಳ ಬದಲು ಸೂರ್ಯ, ಊಟದ ಬಟ್ಟಲು, ಚಂದ್ರನ ಚಿತ್ರಗಳನ್ನು ಹಾಕಿ, ಮೊದಲ ಪ್ರತಿಯನ್ನು ಅಡಕೆ ಸುಲಿಯುವ ಆ ಹೆಂಗಸಿಗೇ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, “ಅಮಾವಾಸ್ಯೆ ದಿವಸ ಬೇಡವಾ ಟೀಚರೇ?” ಎಂದು ಕೇಳಿದರು. ಚಂದ್ರನನ್ನು ತೆಗೆದು ಹಾಸಿದ ಚಾಪೆಯ ಚಿತ್ರ ಬರೆಸಿದ್ದೇವೆ. ಮುಂದಿನ ವಾರ ಅದನ್ನು ಹಿಡಿದುಕೊಂಡು ಮತ್ತೆ ಅವರಲ್ಲಿಗೆ ಹೋಗಲಿದ್ದೇನೆ.