ಹೊಡೆಯೋಕೆ ಬಿಡದ ಕೋಚ್

ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲ್‌ನಲ್ಲಿ ಮೊದಲು ಸಿಟ್ಟು ಬಂದದ್ದು ಬಂಟ್ ಮೇಲೆ. ಬ್ಯಾಟ್ ಬೀಸುವುದೇ ಇಲ್ಲ. ಅಡ್ಡ ಹಿಡಿದು ಚೆಂಡನ್ನು ಸುಮ್ನೆ ಮುಂದೆ ಬೀಳಿಸುವುದು. ತಾನು ಔಟಾದರೂ ಸರಿ, ರನ್ ಆಗಲು ಸುತ್ತಿ ಬರಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೊದಲನೆಯದರಲ್ಲಿರುವವನು ಎರಡನೆಯದಕ್ಕೆ ಓಡಿದರೆ ಸಾಕು.

ಆಸ್ಟಿನ್‌ನ ಡಿಶ್-ಫಾಕ್ ಮೈದಾನದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಹುಡುಗರು ಇದನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಮಾಡಿಸುತ್ತಿದ್ದವರು ಅವರ ಕೋಚ್ ಆಗೀ ಗರಿಡೊ. 'ಹೊಡೆಯೋಕೆ ಬಿಡಯ್ಯಾ!' ಅಂತ ನಾನು ಕನ್ನಡದಲ್ಲೇ ಕೂಗಿದ್ದೂ ಉಂಟು. ಅಲ್ಲಿ ಯಾರಿಗೆ ಅರ್ಥವಾಗಬೇಕು!

ಆಮೇಲೆ ಅವರ ಬಗ್ಗೆ ಓದಿದೆ. 1959ರಲ್ಲಿ ಫ್ರೆಸ್ನೊ ಸ್ಟೇಟ್ ಕಾಲೇಜಿನ ಪರ ಕಾಲೇಜ್ ವರ್ಲ್ಡ್ ಸೀರೀಸ್, ಅಂದರೆ ಕಾಲೇಜು ತಂಡಗಳ ರಾಷ್ಟ್ರೀಯ ಅಂತಿಮ ಟೂರ್ನಿ, ಆಡಿದ ಹುಡುಗ. ನಂತರ ಕ್ಲೀವ್‌ಲ್ಯಾಂಡ್ ತಂಡದ ಮೈನರ್ ಲೀಗ್‌ನಲ್ಲಿ ಆರು ವರ್ಷ. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ದಿನ ಆಡಲಿಲ್ಲ.

ಮೈನರ್ ಲೀಗ್ ಅಂದರೆ ಏಣಿ. ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ. ಏಣಿಯ ತುದಿ ದೊಡ್ಡ ತಂಡದ ಕೈಯಲ್ಲಿ. ನಿಮ್ಮ ತಂಡ ಗೆದ್ದಿತೋ ಸೋತಿತೋ ಎನ್ನುವುದಕ್ಕಿಂತ ನೀವು ಮೇಲೆ ಹತ್ತುತ್ತೀರಾ ಅನ್ನುವುದೇ ಜಾಸ್ತಿ ಮುಖ್ಯ. ಬಂಟ್ ಮಾಡಿ ಏಣಿ ಹತ್ತುವವರು ಅಪರೂಪ. ಅಂಥ ಕಡೆ ಆರು ವರ್ಷ ಇದ್ದವರು ಹುಡುಗರಿಗೆ ಬಂಟ್ ಕಲಿಸಲು ಹೊರಟರಲ್ಲ! ಅಲ್ಲಿ ಇದ್ದದ್ದಕ್ಕೇ ಇರಬೇಕು ಅನ್ನುವುದು ನನ್ನ ಊಹೆ.

ಕೋಚ್ ಆದ ಮೇಲಿನ ಲೆಕ್ಕ ಬೇರೆಯೇ. ಕ್ಯಾಲಿಫೋರ್ನಿಯಾದ ಫುಲರ್ಟನ್ ವಿಶ್ವವಿದ್ಯಾಲಯಕ್ಕೆ 1979, 1984, 1995ರಲ್ಲಿ ರಾಷ್ಟ್ರೀಯ ಪ್ರಶಸ್ತಿ, ಟೆಕ್ಸಸ್‌ಗೆ 2002, 2005ರಲ್ಲಿ. 2016ರಲ್ಲಿ ಬಿಟ್ಟಾಗ ಒಟ್ಟು 1,975 ಗೆಲುವು. 2018ರಲ್ಲಿ ತೀರಿಕೊಂಡರು.

ನಾನು ಕೂಗಿದ ದಿನ ಪಕ್ಕದಲ್ಲಿ ಒಬ್ಬ ಅಜ್ಜ ಇದ್ದರು. ಮಡಿಲಲ್ಲಿ ಸ್ಕೋರ್ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್. ಭಾಷೆ ತಿಳಿಯದಿದ್ದರೂ ಸಿಟ್ಟು ತಿಳಿಯಿತು ಅಂತ ಕಾಣುತ್ತೆ. ಪುಸ್ತಕದಲ್ಲಿ ಬಂಟ್ ಮಾಡಿ ಔಟಾದ ಹುಡುಗನ ಚೌಕದ ಮೇಲೆ ಬೆರಳಿಟ್ಟು ತೋರಿಸಿದರು. ರನ್ನರ್ ಮುಂದೆ ಹೋಗಿದ್ದರೆ ಈ ಔಟು ಬ್ಯಾಟಿಂಗ್ ಸರಾಸರಿಯ ಲೆಕ್ಕಕ್ಕೆ ಬರುವುದೇ ಇಲ್ಲವಂತೆ. ಆಡೇ ಇಲ್ಲ ಅನ್ನುವ ಹಾಗೆ.

ತಲೆ ಎತ್ತಿ ನೋಡಿದರೆ, ಔಟಾಗಿ ಬಂದ ಆ ಹುಡುಗನ ಕೈಗೆ ಕೈ ತಟ್ಟಲು ಡಗೌಟ್‌ನಲ್ಲಿ ಇಡೀ ತಂಡ ಸಾಲಾಗಿ ನಿಂತಿತ್ತು.