ಕಬ್ಬಿನ ಹಾಲಿನ ಗಾಡಿ

12 ಜನವರಿ 2025, ಭಾನುವಾರ ರಾತ್ರಿ

ಮೇಷ್ಟ್ರಿಗೆ ನನ್ನ ಮೇಲೆ ಬೇಜಾರಾಗಿದೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಯಾವಾಗಲೂ ಗೇಟಿನವರೆಗೆ ಬಂದು ಅಲ್ಲೇ ಇನ್ನರ್ಧ ಗಂಟೆ ಮಾತಾಡೋ ಮನುಷ್ಯ ಇವತ್ತು ಮೆಟ್ಟಿಲ ಮೇಲೇ ನಿಂತು "ಸರಿಯಮ್ಮ, ಹುಷಾರು" ಅಂದು ಒಳಗೆ ಹೋದರು. ನನಗೂ ಬೇಜಾರಿದೆ. ನಾಡಿದ್ದು ಸಂಕ್ರಾಂತಿ, ಕೊಬ್ಬರಿ ಹೆಚ್ಚಬೇಕು, ಬೆಲ್ಲ ಹೆಚ್ಚಬೇಕು, ಒಂದೂ ಆಗಿಲ್ಲ. ಅತ್ತೆ ಬಂದು ಒಂದು ಸಲ ನೋಡಿ ಹೋದರು. ಇದನ್ನು ಬರೆದು ಮುಗಿಸದಿದ್ದರೆ ನನಗೆ ಚಾಕು ಹಿಡಿಯೋಕೂ ಮನಸ್ಸಿಲ್ಲ.

ಹನುಮಂತನಗರದ ಮೇಷ್ಟ್ರ ಮಹಡಿ ಮನೆಯಲ್ಲಿ, ಲೆಗೊ ಇಟ್ಟಿಗೆ ಜೋಡಿಸಿ ಏನಾದರೂ ಕಟ್ಟೋ ನಮ್ಮ ಗುಂಪಿನ ಎಂದಿನವರೇ ಇದ್ದೆವು. ಡಾಕ್ಟರಮ್ಮ, ಅವರ ಯಜಮಾನರು, ಬ್ಯಾಂಕಿನ ಜೋಡಿ, ನಾನು. ನಾನು ಒಯ್ದಿದ್ದ ಹೂವಿನ ಗಾಡಿಗೆ ಎಲ್ಲರೂ "ಚೆನ್ನಾಗಿದೆ" ಅಂದರು. ಚೆನ್ನಾಗಿದೆ ಅಂದರೆ ನೋಡಿಲ್ಲ ಅಂತ ಅರ್ಥ. ಇರಲಿ, ಅದರಲ್ಲಿ ನೋಡೋಕೆ ಅಂಥಾದ್ದೇನೂ ಇರಲೂ ಇಲ್ಲ.

ನೋಡೋಕೆ ಇದ್ದದ್ದು ಟೇಬಲ್ಲಿನ ನಡುಮಧ್ಯೆ, ಮೇಷ್ಟ್ರು ಲೆಗೊದಲ್ಲಿ ಕಟ್ಟುತ್ತಿರೋ ಸೋಮನಾಥಪುರದ ಹೊಯ್ಸಳ ಗುಡಿ. ಗೋಡೆ ಆನೆಸಾಲು ದಾಟಿ ಕುದುರೆಸಾಲಿಗೆ ಬಂದಿದೆ. ಇದರ ಬಗ್ಗೆ ಇಲ್ಲಿ ಹಿಂದೆಯೂ ಬರೆದಿದ್ದೀನಿ, ಆದರೆ ಗೋಡೆಗಳನ್ನು ಓರೆಯಾಗಿ ತಿರುಗಿಸಿರೋ ಗುಟ್ಟು ನನಗೆ ಸರಿಯಾಗಿ ತಲೆಗೆ ಹೋಗಿದ್ದು ಇವತ್ತೇ. 1258ರ ಆ ಗುಡಿಯಲ್ಲಿ ಮೂರು ಗರ್ಭಗುಡಿ, ಮೂರಕ್ಕೂ ಹದಿನಾರು ಮೂಲೆಯ ನಕ್ಷತ್ರದ ಪಾಯ. ಒಂದೇ ನಡುಬಿಂದುವಿನ ಮೇಲೆ ನಾಲ್ಕು ಚೌಕ ಇಟ್ಟು, ಒಂದಕ್ಕಿಂತ ಇನ್ನೊಂದನ್ನು 22.5 ಡಿಗ್ರಿ ತಿರುಗಿಸುತ್ತಾ ಹೋದರೆ ಆ ನಕ್ಷತ್ರ ಬರುತ್ತೆ. ಹೊಯ್ಸಳರ ಕೈಲಿ ಉಳಿ ಇತ್ತು, ಎದುರಿಗೆ ಬಳಪದ ಕಲ್ಲಿತ್ತು, ಯಾವ ಕೋನಕ್ಕೆ ಬೇಕಾದರೂ ಕೆತ್ತಬಹುದಿತ್ತು. ಲೆಗೊದಲ್ಲಿ ಇಟ್ಟಿಗೆ ಮೇಲಿನ ಗುಂಡು ಗುಬುಟಿಗೆ ಸ್ಟಡ್ ಅಂತಾರೆ, ಸ್ಟಡ್‌ನಿಂದ ಸ್ಟಡ್‌ಗೆ 8 ಮಿಲಿಮೀಟರ್, ಆ ಚೌಕಳಿ ಬಿಟ್ಟು ಅತ್ತಿತ್ತ ಹೋಗುವ ಹಾಗಿಲ್ಲ. ಚಪ್ಪಟೆ ಚೂರೊಂದನ್ನು ಓರೆಯಾಗಿ ಕೂರಿಸಬೇಕು ಅಂದರೆ ಅದರ ಎರಡೂ ತುದಿ ಯಾವುದಾದರೂ ಎರಡು ಸ್ಟಡ್ ಮೇಲೆ ಕರಾರುವಾಕ್ಕಾಗಿ ಬೀಳಬೇಕು.

ಮೇಷ್ಟ್ರು ಕಾಗದದ ಮೇಲೆ ಗೀಚಿ ತೋರಿಸಿದರು. ಅಡ್ಡಕ್ಕೆ 12 ಸ್ಟಡ್ ಎಣಿಸು, ಅಲ್ಲಿಂದ ಮೇಲಕ್ಕೆ 5 ಎಣಿಸು, ಓರೆ ದಾರಿ ಸರಿಯಾಗಿ 13. ಎಂಟನೇ ಕ್ಲಾಸಿನವರಿಗೂ ಗೊತ್ತಿರೋ ಪೈಥಾಗೊರಸ್. ಆ ಓರೆಯ ಕೋನ ಎಷ್ಟು? 22.62 ಡಿಗ್ರಿ. "ಹೊಯ್ಸಳರಿಗೆ ನಾನು ಉಳಿಸಿಕೊಂಡಿರೋ ಬಾಕಿ ಬರೀ 0.12 ಡಿಗ್ರಿ ಕಣಮ್ಮ" ಅಂತ ನಕ್ಕರು. 45 ಡಿಗ್ರಿಯ ಚೌಕದ್ದೇ ಅವರಿಗೆ ತಲೆನೋವು. 5ಕ್ಕೆ 5 ಎಣಿಸಿದರೆ ಓರೆ 7 ಬರಬೇಕಾದ್ದು 7.07 ಬರುತ್ತೆ, ಆ ಚೂರು ಯಾವುದೋ ಮೂಲೆಯಲ್ಲಿ ಕೂದಲೆಳೆ ಬಿರುಕಾಗಿ ನಿಂತಿದೆ. ಅದನ್ನೂ ಬೆರಳಿಟ್ಟು ತೋರಿಸಿದರು. ತಮ್ಮ ಕೆಲಸದ ಬಿರುಕನ್ನು ತಾವೇ ತೋರಿಸೋರು ನಮ್ಮ ಗುಂಪಲ್ಲಿ ಇವರೊಬ್ಬರೇ.

ಬಣ್ಣಕ್ಕೂ ಒಂದು ಉಪಾಯ. 2004ರಲ್ಲಿ ಲೆಗೊ ಕಂಪನಿಯವರು ಬೂದು ಬಣ್ಣ ಬದಲಾಯಿಸಿ ಎಲ್ಲರ ಹೊಟ್ಟೆ ಉರಿಸಿದ್ದರು. ಹಳೆಯದರಲ್ಲಿ ಹಳದಿ ಛಾಯೆ, ಹೊಸದರಲ್ಲಿ ನೀಲಿ. ಎರಡೂ ಒಂದೇ ಗೋಡೆಗೆ ಸೇರಬಾರದು ಅಂತ ಲೋಕವೆಲ್ಲ ಬೇರೆ ಬೇರೆ ಡಬ್ಬಿಯಲ್ಲಿಟ್ಟರೆ ಮೇಷ್ಟ್ರು ಬೇಕೂಂತಲೇ ಬೆರೆಸಿದ್ದಾರೆ. ಟ್ಯೂಬ್‌ಲೈಟ್ ಬೆಳಕಲ್ಲಿ ಗೋಡೆ ಅಲ್ಲಲ್ಲಿ ಮಳೆ ಕುಡಿದು ಒಣಗಿದ ಕಲ್ಲೇ.

ಇಷ್ಟು ಹೊಗಳಿದ ಮೇಲೆ ಹೇಳ್ತೀನಿ.

ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನಲ್ಲಿ ಕೆಲಸ ಮಾಡೋರ ಮಗನನ್ನು ಕರಕೊಂಡು ಬಂದಿದ್ದರು. ಏಳನೇ ಕ್ಲಾಸು. ಕೈಲಿ ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿ. ಎಲ್ಲರ ಹಿಂದೆ ನಿಂತು ಸೋಮನಾಥಪುರವನ್ನು ಬಾಯಿ ಬಿಟ್ಟುಕೊಂಡು ನೋಡ್ತಿದ್ದ. ಡಾಕ್ಟರಮ್ಮ "ತೆಗಿಯಪ್ಪಾ ನಿಂದೂ" ಅಂದ ಮೇಲೆ ತೆಗೆದಿಟ್ಟ.

ಕಬ್ಬಿನ ಹಾಲಿನ ಗಾಡಿ. ಕೈಯಲ್ಲಿ ತಿರುಗಿಸೋ ಗಾಣದ್ದು, ಈಗಿನ ಮೋಟರಿನದಲ್ಲ. ದೊಡ್ಡ ಚಕ್ರದ ಕಡ್ಡಿಗಳಿಗೆ ಗೆಜ್ಜೆ ಬೇಕಲ್ಲ, ಚಿನ್ನದ ಬಣ್ಣದ ಸಣ್ಣ ಗುಂಡು ಚೂರುಗಳನ್ನು ಅರ್ಧ ಮಾತ್ರ ಒತ್ತಿ ಸಡಿಲ ಬಿಟ್ಟಿದ್ದಾನೆ, ಚಕ್ರ ತಿರುಗಿದರೆ ಟಕಟಕ ಅನ್ನುತ್ತೆ. ನಿಂಬೆಹಣ್ಣು ಇದೆ, ಶುಂಠಿ ಇದೆ, ಗ್ಲಾಸು ಮೂರಿವೆ. ಒಂದು ಗ್ಲಾಸಿನ ಅಂಚಿಗೆ ಏನೋ ಕಪ್ಪು ಚುಕ್ಕಿ. "ಇದೇನೋ ಮರಿ?" ಅಂದೆ. "ಜೇನ್ನೊಣ ಆಂಟಿ."

ಆಮೇಲೆ ಚಕ್ರ ತಿರುಗಿಸಿದ. ಎರಡು ರೋಲರು ಒಂದಕ್ಕೊಂದು ಎದುರಾಗಿ ತಿರುಗಿದವು, ಹಸಿರು ಕಡ್ಡಿ ಮೆಲ್ಲಗೆ ಒಳಗೆ ಹೋಯಿತು, ಆಚೆ ಕಡೆಯಿಂದ ಬಿಳಿಚಿಕೊಂಡ ಸಿಪ್ಪೆ ಬಂತು. ಹಸಿರು ಹೋಗಿ ಸಿಪ್ಪೆ ಬಂತು! ಬ್ಯಾಂಕಿನವರು "ಏಯ್" ಅಂತ ಎದ್ದೇ ನಿಂತರು. ನಾನು ಮುಚ್ಚಳ ತೆಗಿ ಅಂದೆ, ಅವನು ತೆಗೆಯಲಿಲ್ಲ, ಮುಸಿಮುಸಿ ನಕ್ಕ. ಗುಟ್ಟು ಬಿಟ್ಟುಕೊಡೋಕೆ ಮನಸ್ಸಿಲ್ಲ, ಆದರೆ ಯಾರಾದರೂ ಕೇಳಲಿ ಅಂತಲೂ ಇದೆ. ಆ ನಗು ನನಗೆ ಚೆನ್ನಾಗಿ ಗೊತ್ತು. ಇನ್ನೊಂದು ಸಲ ತಿರುಗಿಸು ಅಂದರೆ "ಇನ್ನೊಂದ್ಸಲ ಹಾಕಿದ್ರೆ ಹಸಿರೇ ಬಂದ್ಬಿಡುತ್ತೆ ಆಂಟಿ" ಅಂದುಬಿಟ್ಟ. ಅಲ್ಲಿಗೆ ಗೊತ್ತಾಯಿತು! ಸಿಪ್ಪೆ ಮೊದಲೇ ಒಳಗೆ ಮಲಗಿರುತ್ತೆ, ಹಸಿರು ಕಡ್ಡಿ ಹಿಂದಿನಿಂದ ಹೋಗಿ ಅದನ್ನು ಆಚೆಗೆ ತಳ್ಳಿ ಅದರ ಜಾಗದಲ್ಲಿ ತಾನು ಮಲಗುತ್ತೆ. ಅಷ್ಟೇ. ಅಷ್ಟೇನಾ? ಇಷ್ಟು ವರ್ಷದಿಂದ ಡಬ್ಬಿಗಟ್ಟಲೆ ಇಟ್ಟಿಗೆ ಇಟ್ಟುಕೊಂಡು ನನಗೆ ಇಂಥದ್ದೊಂದು ಹೊಳೆದಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ಏರಿಸಿ, ಗಾಡಿಯ ಮೂಲೆಯ ಒಂದು ಇಟ್ಟಿಗೆಯನ್ನು ಉಗುರಿನಿಂದ ಮೀಟಿ, ಸ್ಟಡ್ ಮೇಲೆ ಲೆಗೊ ಹೆಸರು ಇದೆಯಾ ಅಂತ ನೋಡಿದರು. ಇರಲಿಲ್ಲ.

"ಇದು ಒರಿಜಿನಲ್ ಅಲ್ಲ ಅಲ್ವೇನಪ್ಪಾ?"

"ಇಲ್ಲ ಸರ್. ಅಪ್ಪ ಚಿಕ್ಕಪೇಟೆಯಿಂದ ತಂದಿದ್ದು. ಕೆಜಿ ಲೆಕ್ಕದಲ್ಲಿ."

"ಹೂಂ. ಹಿಡಿತ ಇಲ್ಲ, ನೋಡು. ಎರಡು ತಿಂಗಳಲ್ಲಿ ಸಡಿಲ ಆಗುತ್ತೆ."

ಸುಳ್ಳೇನೂ ಹೇಳಲಿಲ್ಲ ಅವರು. ದನಿಯಲ್ಲಿ ಕಹಿಯೂ ಇರಲಿಲ್ಲ, ಲೆಕ್ಕ ತಿದ್ದೋ ದನಿ. ಆದರೆ ಹುಡುಗ ಗಾಡಿಯನ್ನು ಒಂದು ಗೇಣು ತನ್ನ ಕಡೆಗೆ ಎಳಕೊಂಡ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಡಬ್ಬಿಯೊಳಗೆ ಇಟ್ಟುಬಿಟ್ಟಿದ್ದ.

ನಾನು ಅಡುಗೆಮನೆಗೆ ಹೋದೆ. ಮೇಷ್ಟ್ರ ಮನೆಯವರು, ನಮ್ಮೆಲ್ಲರ ಅಕ್ಕ, ಅವರೆಕಾಳು ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಿದ್ದರು, ಸೊಗಡಿನ ಘಮಕ್ಕೆ ಅರ್ಧ ಕೋಪ ಇಳಿಯಬೇಕಿತ್ತು, ಇಳಿಯಲಿಲ್ಲ. ಮೇಷ್ಟ್ರು ನೀರು ಕುಡಿಯೋಕೆ ಬಂದರು. ನಾನು "ಏನ್ ಸರ್ ಹಾಗಂದುಬಿಟ್ರಿ?" ಅಂದೆ.

"ಏನಂದೆ? ಇರೋದನ್ನ ಹೇಳಿದೆ."

"ಗಾಡಿ ನೋಡ್ಲೇ ಇಲ್ಲ ನೀವು. ಇಟ್ಟಿಗೆ ನೋಡಿದ್ರಿ."

ಅವರು ಲೋಟ ಕೆಳಗಿಟ್ಟರು. ಆ ನಕಲಿ ಇಟ್ಟಿಗೆ ಮಾಡೋರ ಬಗ್ಗೆ ಅವರಿಗೆ ಯಾಕೆ ಸಿಟ್ಟು ಅಂತ ಆಗ ಹೇಳಿದರು, ಇದು ನನಗೆ ಗೊತ್ತಿರಲಿಲ್ಲ. ಯುರೋಪಿನಲ್ಲಿ ಅವರ ಹಳೇ ಸ್ನೇಹಿತರೊಬ್ಬರಿದ್ದಾರೆ, ಮುಖ ನೋಡಿಲ್ಲ, ಬರೀ ಪತ್ರ. ಅವರು ಒಂದು ಗಡಿಯಾರದ ಗೋಪುರ ಮಾಡಿ, ಕಟ್ಟೋ ವಿಧಾನವನ್ನೆಲ್ಲ ಹಂತಹಂತವಾಗಿ ಬಿಡಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಿ ಅಂತ ಪುಕ್ಕಟೆ ಕೊಟ್ಟರು. ಕೆಲವು ತಿಂಗಳಾದ ಮೇಲೆ ಅದೇ ಗೋಪುರ ಯಾವುದೋ ಕಾರ್ಖಾನೆಯ ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂತು. ಪೆಟ್ಟಿಗೆ ಮೇಲೆ ಅವರೇ ತೆಗೆದ ಫೋಟೊ. ಹಿಂದೆ ಅವರ ಮನೆಯ ಕರ್ಟನ್ ಕೂಡ ಹಾಗೇ ಕಾಣ್ತಿತ್ತಂತೆ.

"ಅವರು ಅದಾದ ಮೇಲೆ ಏನೂ ಹಂಚಿಲ್ಲಮ್ಮ. ಕಟ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನಾನು ರಾತ್ರಿ ಕಂಪ್ಯೂಟರ್‌ನಲ್ಲಿ ನಕ್ಷೆ ಹಾಕ್ತೀನಲ್ಲ, ಅದಕ್ಕೆಲ್ಲ ಬುನಾದಿ ಹಾಕಿದ್ದು ಜೇಮ್ಸ್ ಜೆಸ್ಸಿಮನ್ ಅಂತ ಆಸ್ಟ್ರೇಲಿಯಾದ ಹುಡುಗ. 1995ರಲ್ಲಿ ಎಲ್‌ಡ್ರಾ ಅಂತ ಪ್ರೋಗ್ರಾಂ ಮಾಡಿ ಪುಕ್ಕಟೆ ಬಿಟ್ಟ. ಎರಡೇ ವರ್ಷಕ್ಕೆ ತೀರಿಕೊಂಡ. ಆಮೇಲೂ ಜನ ಒಂದೊಂದೇ ಇಟ್ಟಿಗೆ ಅಳತೆ ಮಾಡಿ ಅದಕ್ಕೆ ಸೇರಿಸ್ತಾನೇ ಬಂದ್ರು, ಒಬ್ಬರೂ ದುಡ್ಡು ಕೇಳಲಿಲ್ಲ. ಇಂಥ ಜಾಗಕ್ಕೆ ಕಳ್ಳರು ನುಗ್ಗಿದ್ರೆ..."

ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಸುಮ್ಮನಿರೋಕಾಗದೆ ಹಿಲರಿ ಪೇಜ್ ಕಥೆ ತೆಗೆದೆ. ಇಂಗ್ಲೆಂಡಿನವನು, ಕಿಡ್ಡಿಕ್ರಾಫ್ಟ್ ಅಂತ ಆಟಿಕೆ ಕಂಪನಿ ನಡೆಸ್ತಿದ್ದ. ಒಂದಕ್ಕೊಂದು ಕಚ್ಚಿಕೊಳ್ಳೋ ಪ್ಲಾಸ್ಟಿಕ್ ಇಟ್ಟಿಗೆ ಮೊದಲು ಮಾಡಿದ್ದು ಅವನು. ಲೆಗೊ ಶುರು ಮಾಡಿದ ಡೆನ್ಮಾರ್ಕಿನ ಬಿಲುಂಡ್‌ನ ಬಡಗಿ ಓಲೆ ಕಿರ್ಕ್ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಕೊಂಡ ಕಾಲಕ್ಕೆ ಆ ಇಟ್ಟಿಗೆಯ ಮಾದರಿ ಅವನ ಕೈಗೆ ಸಿಕ್ಕಿತ್ತು, 1949ರಲ್ಲಿ ಅದನ್ನೇ ಅಷ್ಟಿಷ್ಟು ತಿದ್ದಿ ಮಾರೋಕೆ ಶುರು ಮಾಡಿದರು.

"ಅದು ಗೊತ್ತು. ಆದ್ರೆ ಒಳಗಿನ ಕೊಳವೆ ಇವರದ್ದು. 1958. ಹಿಡಿತ ಬಂದಿದ್ದೇ ಅದರಿಂದ" ಅಂದರು ಮೇಷ್ಟ್ರು. "ಕಿಡ್ಡಿಕ್ರಾಫ್ಟ್ ಹಕ್ಕನ್ನೂ ಕೊಂಡ್ಕೊಂಡ್ರಲ್ಲ, 1981ರಲ್ಲಿ."

"ಪೇಜ್ ಸತ್ತು ಇಪ್ಪತ್ನಾಲ್ಕು ವರ್ಷ ಆದ್ಮೇಲೆ, ಸರ್."

ಮೇಷ್ಟ್ರು ಸುಮ್ಮನಾದರು. ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಆ ಕೊಳವೆಯ ಪೇಟೆಂಟು ಮುಗಿದು ಯಾವ ಕಾಲವಾಯಿತು, ಕೆನಡಾದ ಸುಪ್ರೀಂ ಕೋರ್ಟೇ 2005ರಲ್ಲಿ ಸ್ಟಡ್‌ನ ಆಕಾರ ಯಾರ ಟ್ರೇಡ್‌ಮಾರ್ಕೂ ಆಗೋಕಾಗಲ್ಲ ಅಂತ ಹೇಳಿದೆ, ಹಾಗಾಗಿ ಇಟ್ಟಿಗೆ ಮಾಡೋದು ಕಳ್ಳತನ ಅಲ್ಲ, ಗೋಪುರ ಕದ್ದದ್ದು ಕಳ್ಳತನ. ಆ ಹುಡುಗ ಯಾರ ಗೋಪುರವನ್ನೂ ಕದ್ದಿಲ್ಲ. ಗಾಣ ಅವನದ್ದು, ಸಿಪ್ಪೆ ಅವನದ್ದು, ಜೇನ್ನೊಣ ಅವನದ್ದು.

"ನಾನು ಅವನನ್ನ ಕಳ್ಳ ಅಂದ್ನೇನಮ್ಮ?"

ಅಕ್ಕ ಸೌಟು ಕೆಳಗಿಡದೇ ಹೇಳಿದರು: "ನಿಮಗೆ ಹೊರಗಿನಿಂದ ಪಾರ್ಸೆಲ್ ಬಂದಾಗ ಕಸ್ಟಮ್ಸ್ ರಸೀದಿ ನನಗೆ ಕಾಣದ ಹಾಗೆ ಬೀರುವಿನಲ್ಲಿ ಬಚ್ಚಿಡ್ತೀರಲ್ಲ. ಅವರಪ್ಪ ಎಲ್ಲಿ ಬಚ್ಚಿಡಬೇಕು?"

ಅದೂ ಇದೆ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಇಪ್ಪತ್ತರಿಂದ ಒಂದೇ ಏಟಿಗೆ ಶೇ. 60 ಆಯಿತು, 2023ರಲ್ಲಿ ಶೇ. 70. ನಾವೆಲ್ಲ ಗೊಣಗಿಕೊಂಡೇ ಕಟ್ಟಿದೆವು. ಗೊಣಗೋಕೂ ಒಂದು ಸಂಬಳ ಬೇಕು.

ಮೇಷ್ಟ್ರು ಏನೂ ಹೇಳದೆ ಆಚೆ ಹೋದರು. ಉಪ್ಪಿಟ್ಟು ತಿನ್ನುವಾಗ ನನ್ನನ್ನು ಬಿಟ್ಟು ಎಲ್ಲರ ಜೊತೆ ಮಾತಾಡಿದರು. ಹುಡುಗನಿಗೆ ಎರಡನೇ ಸಲ ಬಡಿಸಿದ್ದು ಅವರೇ, ಅದನ್ನೂ ಬರೀಬೇಕು. ಹನ್ನೆರಡು-ಐದು-ಹದಿಮೂರರ ಓರೆ ತೋರಿಸಿದರು ಅವನಿಗೂ. ಹುಡುಗ ತಟ್ಟನೆ "ಹಾಗಾದ್ರೆ ಮೂರು-ನಾಲ್ಕು-ಐದು ಚಿಕ್ಕದಾಗುತ್ತಲ್ವಾ ಸರ್, ಯಾಕೆ ಹಾಕ್ಲಿಲ್ಲ?" ಅಂದ. ಮೇಷ್ಟ್ರ ಮುಖ ಅರಳಿತು. ಅದರ ಓರೆ 37 ಡಿಗ್ರಿಗೆ ಹೋಗುತ್ತೆ, ನಕ್ಷತ್ರ ಕೂಡಲ್ಲ ಅಂತ ವಿವರಿಸಿದರು. ಪಾಠ ಹೇಳೋದೆಂದರೆ ಅವರಿಗೆ ಪ್ರಾಣ. ಆದರೆ ಗಾಡಿಯನ್ನು ಡಬ್ಬಿಯಿಂದ ತೆಗಿ ಅಂತ ಮಾತ್ರ ಅನ್ನಲಿಲ್ಲ.

ನಾನು ಜಗಳ ಆಡಿದ್ದು ಅವರ ಜೊತೆ ಅಲ್ಲ ಅನ್ನಿಸ್ತಿದೆ ಈಗ. ಬ್ಯಾಂಕಿನವರೂ ಆ ಮಾತು ಕೇಳಿದ ಮೇಲೆ ಗಾಡಿಯಿಂದ ಕಣ್ಣು ತೆಗೆದಿದ್ದರು, "ಏಯ್" ಅಂತ ಎದ್ದು ನಿಂತವರೇ! ಒಂದು ಹೆಸರು ಕೆತ್ತಿಲ್ಲ ಅಂತ ಗೊತ್ತಾದ ಕೂಡಲೇ ಆ ಸಿಪ್ಪೆ ಸಿಪ್ಪೆಯಾಗಿ ಕಾಣೋದು ನಿಂತುಹೋಯಿತಾ?

ಅತ್ತೆ ಮತ್ತೆ ಬಂದು ಹೋದರು. ಬೆಲ್ಲ ಅವರೇ ಹೆಚ್ಚುತ್ತಾರಂತೆ. ಸರಿ.

ಬರೋವಾಗ ಡಾಕ್ಟರಮ್ಮನ ಕಾರಿನ ಹತ್ತಿರ ಹುಡುಗ ನನಗೊಬ್ಬಳಿಗೇ ಮುಚ್ಚಳ ತೆಗೆದು ತೋರಿಸಿದ. ರೋಲರಿಗೆ ಹಾಕಿರೋದು ಹದಿನಾರು ಹಲ್ಲಿನ ಎರಡು ಗೇರು, ಎರಡು ಸ್ಟಡ್ ಅಂತರಕ್ಕೆ ಸರಿಯಾಗಿ ಕೂಡಬೇಕಾದ್ದು, ಆದರೆ ಆ ಚಿಕ್ಕಪೇಟೆಯ ಚೂರುಗಳಲ್ಲಿ ಅಕ್ಸಲ್ ಸ್ವಲ್ಪ ಅಲ್ಲಾಡುತ್ತೆ, ಜೋರಾಗಿ ತಿರುಗಿಸಿದರೆ ಹಲ್ಲು ತಪ್ಪುತ್ತೆ. ಅದಕ್ಕೇ ಅವನು ಅಷ್ಟು ಮೆಲ್ಲಗೆ ತಿರುಗಿಸಿದ್ದು. ನನ್ನ ನೀಲಿ ಡಬ್ಬಿಯಲ್ಲಿ ಹದಿನಾರರ ಗೇರು ಬೇಕಾದಷ್ಟಿದೆ, ಒರಿಜಿನಲ್ಲೇ, ಅಕ್ಸಲ್ ಸಮೇತ. ಎತ್ತಿ ಪಕ್ಕಕ್ಕಿಟ್ಟಿದ್ದೀನಿ. ಡಾಕ್ಟರಮ್ಮನ ಕೈಲಿ ಕೊಟ್ಟು ಕಳಿಸಿದರಾಯಿತು. ಆದರೆ ನಾನು ಅದನ್ನು ಕೊಟ್ಟರೆ ಅವನಿಗೆ ಕೇಳಿಸೋದು ಮೇಷ್ಟ್ರು ಹೇಳಿದ್ದೇ ಅಲ್ವಾ, ಹಿಡಿತ ಇಲ್ಲ ಅಂತ? ಕೊಡದಿದ್ದರೆ ಹಲ್ಲು ತಪ್ಪುತ್ತಲೇ ಇರುತ್ತೆ. ಸಂಕ್ರಾಂತಿ ಎಳ್ಳಿನ ಪೊಟ್ಟಣದ ಜೊತೆ ಇಟ್ಟು ಕಳಿಸಿದರೆ ಹೇಗೆ, ಆಗ ಅದು