ಒಳಗಿನ ಕ್ಲಾಸಿಗೆ ಹೊರಗಿನ ದಂಡ ಕಾಣಲಿಲ್ಲ

ದಸರಾ ರಜೆಗೆ ದಾವಣಗೆರೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಲ್ಯಾಬಿಗೆ ಪೈಥಾನಿನಲ್ಲಿ ಗ್ರಂಥಾಲಯದ ಪ್ರೋಗ್ರಾಂ ಬರೆಯಬೇಕಿತ್ತು. ಊಟ ಮುಗಿಯುತ್ತಲೇ ಲ್ಯಾಪ್‌ಟಾಪ್ ತಂದು ಪಕ್ಕದಲ್ಲಿ ಕೂತಳು. "ಚಿಕ್ಕಮ್ಮ, ಇಲ್ಲಿ ನೋಡು. ಎರಡು ಸಾಲು ಮೇಲೇ ಬರ್ದಿದೀನಿ. ಆದ್ರೂ ಇಂಥಾ ಹೆಸರೇ ಇಲ್ಲ ಅಂತಿದೆ."

ನೋಡಿದರೆ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದಾಳೆ! ಪೈಥಾನ್ 3ರಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ 'ರಿಜಿಸ್ಟರ್‌ಗಳು' ಎಂಬಂಥ ಹೆಸರು ನಡೆಯುವುದಿಲ್ಲ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ನಾವು ನಡುವೆ ಹಾಕುವ ಕಣ್ಣಿಗೆ ಕಾಣದ ಅಕ್ಷರವನ್ನು ಪೈಥಾನ್ ಒಪ್ಪುವುದಿಲ್ಲ. ಅದನ್ನವಳು ಆಗಲೇ ಕಂಡುಕೊಂಡು 'ದಾಖಲೆ' ಎಂದು ಬದಲಿಸಿದ್ದಳು. ನನಗೆ ತುಂಬಾ ಖುಷಿಯಾಯಿತು.

ಅವಳ ತೊಡಕು ಬೇರೆಯದು. ಹೊರಗೆ 'ಗ್ರಂಥಾಲಯ' ಎಂಬ ಕ್ಲಾಸ್, ಅಂದರೆ ಆಬ್ಜೆಕ್ಟುಗಳನ್ನು ಮಾಡಿಕೊಳ್ಳುವ ಅಚ್ಚು. ಅದರಲ್ಲಿ 'ದಿನದ_ದಂಡ' ಎಂಬ ಕ್ಲಾಸ್ ವೇರಿಯೇಬಲ್ (ಇಡೀ ಕ್ಲಾಸಿಗೆ ಸೇರಿದ ಹೆಸರು), ಬೆಲೆ 2. ಅದೇ ಕ್ಲಾಸಿನ ಒಳಗೆ 'ಎರವಲು' ಎಂಬ ಇನ್ನೊಂದು ಕ್ಲಾಸ್. ಎರವಲಿನ ಮೆಥಡ್ ಒಂದರಲ್ಲಿ, ಅಂದರೆ ಕರೆದಾಗ ಓಡುವ ಅದರ ಫಂಕ್ಷನ್ ಒಂದರಲ್ಲಿ, ತಡವಾದ ದಿನಗಳನ್ನು 'ದಿನದ_ದಂಡ'ದಿಂದ ಗುಣಿಸು ಎಂದು ಬರೆದಿದ್ದಳು. ರನ್ ಮಾಡಿದರೆ ನೇಮ್‌ಎರರ್, ಅಂದರೆ ಆ ಹೆಸರೇ ಸಿಗಲಿಲ್ಲ ಎಂಬ ದೂರು.

ಅವಳು ಹಾಗೆ ಬರೆದದ್ದಕ್ಕೆ ಕಾರಣ ಇತ್ತು. ಹಿಂದಿನ ಸೆಮಿಸ್ಟರಿನಲ್ಲಿ ಜಾವಾ ಕಲಿತಿದ್ದಳು. ಜಾವಾದಲ್ಲಿ ಒಳಗಿನ ಕ್ಲಾಸಿನಿಂದ ಹೊರಗಿನ ಸ್ಟ್ಯಾಟಿಕ್ (ಇಡೀ ಕ್ಲಾಸಿಗೆ ಸೇರಿದ) ವೇರಿಯೇಬಲನ್ನು ಬರೀ ಹೆಸರು ಹಿಡಿದು ಕರೆಯಬಹುದು. ಸ್ಟ್ಯಾಟಿಕ್ ಅಲ್ಲದ ಇನ್ನರ್ ಕ್ಲಾಸ್ ಆದರಂತೂ, ಅದರ ಪ್ರತಿ ಆಬ್ಜೆಕ್ಟೂ ಹೊರಗಿನ ಆಬ್ಜೆಕ್ಟಿನ ವಿಳಾಸವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಪೈಥಾನಿನಲ್ಲಿ ಇದ್ಯಾವುದೂ ಇಲ್ಲ. 2001ರ ಪೈಥಾನ್ 2.1ರಲ್ಲಿ, ಒಳಗಿನ ಫಂಕ್ಷನ್‌ಗೆ ಹೊರಗಿನ ಫಂಕ್ಷನ್‌ನ ಹೆಸರುಗಳು ಕಾಣುವ ವ್ಯವಸ್ಥೆ ಬಂತು. ಕ್ಲಾಸಿನ ಹೆಸರುಗಳನ್ನು ಮಾತ್ರ ಆ ವ್ಯವಸ್ಥೆಯಿಂದ ಬೇಕೆಂದೇ ಹೊರಗಿಟ್ಟರು. ಹೆಸರು ಹುಡುಕುವಾಗ ಮೆಥಡ್ ತನ್ನೊಳಗೆ ನೋಡುತ್ತದೆ, ಸುತ್ತ ಫಂಕ್ಷನ್ ಇದ್ದರೆ ಅಲ್ಲಿ ನೋಡುತ್ತದೆ, ಆಮೇಲೆ ಇಡೀ ಫೈಲಿನ ಮಟ್ಟಕ್ಕೆ ಹೋಗುತ್ತದೆ. ನಡುವೆ ಬರುವ ಕ್ಲಾಸುಗಳನ್ನು ದಾಟಿಕೊಂಡೇ ಹೋಗುತ್ತದೆ.

"ಹಂಗಾದ್ರೆ ಒಳಗೆ ಬರೆಯೋದು ಯಾಕೆ?" ಅಂದಳು.

ಸರಿಯಾದ ಪ್ರಶ್ನೆ. ಕ್ಲಾಸಿನೊಳಗೆ ಕ್ಲಾಸ್ ಬರೆದರೆ ಪೈಥಾನಿನಲ್ಲಿ ಆಗುವುದು ಇಷ್ಟೇ: ಒಳಗಿನದರ ಹೆಸರು ಹೊರಗಿನ ಕ್ಲಾಸಿನ ಒಂದು ಅಟ್ರಿಬ್ಯೂಟ್ (ಅದಕ್ಕೆ ಸೇರಿದ ಹೆಸರು) ಆಗುತ್ತದೆ, 'ಗ್ರಂಥಾಲಯ.ಎರವಲು' ಎಂದು ಕರೆಯಬೇಕಾಗುತ್ತದೆ. ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಮಾತ್ರಕ್ಕೆ ಮಾಲೀಕನ ಆಸ್ತಿಯಲ್ಲಿ ಪಾಲು ಬರುವುದಿಲ್ಲವಲ್ಲ, ಹಾಗೆ. ವೆಬ್‌ಸೈಟ್ ಕಟ್ಟಲು ಬಳಸುವ ಪೈಥಾನಿನ ಜ್ಯಾಂಗೋದಲ್ಲಿ, ಡೇಟಾಬೇಸಿನ ಮಾಹಿತಿಯನ್ನು ವಿವರಿಸುವ ಮಾಡೆಲ್ ಎಂಬ ಕ್ಲಾಸಿನ ಒಳಗೆ 'ಮೆಟಾ' ಎಂಬ ಪುಟ್ಟ ಕ್ಲಾಸ್ ಬರೆಯುತ್ತೇವೆ. ಅಲ್ಲಿ ಅದಕ್ಕೊಂದು ಅರ್ಥವಿದೆ. ಆ ಮಾಡೆಲಿಗೆ ಸೇರಿದ ಸೆಟ್ಟಿಂಗುಗಳು ಒಂದೆಡೆ ಇರುತ್ತವೆ, ಜ್ಯಾಂಗೋ ಅವನ್ನು ತಾನೇ ಓದಿಕೊಳ್ಳುತ್ತದೆ.

ಸರಿ, 'ಗ್ರಂಥಾಲಯ.ದಿನದ_ದಂಡ' ಎಂದು ಪೂರ್ತಿ ಹೆಸರು ಬರೆದಳು. ಓಡಿತು. ಅದೇ ಉತ್ಸಾಹದಲ್ಲಿ ಎರವಲಿನ ಕ್ಲಾಸಿನಲ್ಲೇ, ಮೆಥಡಿನ ಹೊರಗೆ, 'ಗರಿಷ್ಠ_ದಂಡ' ಎಂಬುದಕ್ಕೆ ಅದನ್ನೇ 30ರಿಂದ ಗುಣಿಸಿ ಇಟ್ಟಳು. ಮತ್ತೆ ನೇಮ್‌ಎರರ್, ಈ ಸಲ 'ಗ್ರಂಥಾಲಯ'ವೇ ಇಲ್ಲವೆಂದು. ಕ್ಲಾಸಿನ ಸಾಲುಗಳು ಮೇಲಿನಿಂದ ಕೆಳಗೆ ಆಗಿಂದಾಗಲೇ ಓಡುತ್ತವೆ. ಹೊರಗಿನ ಕ್ಲಾಸ್ ಪೂರ್ತಿ ಮುಗಿಯುವತನಕ ಅದಕ್ಕೆ ಹೆಸರೇ ಅಂಟುವುದಿಲ್ಲ. ಮೆಥಡಿನ ಒಳಗಿನದು ಆಮೇಲೆ, ಕರೆದಾಗ ಓಡುವುದರಿಂದ ಅಲ್ಲಿ ಸರಿಹೋಗಿತ್ತು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. "ಗ್ರಂಥಾಲಯದ್ದನ್ನೆಲ್ಲ ಪಡೆಯೋ ಹಾಗೆ ಕಾಲೇಜು_ಗ್ರಂಥಾಲಯ ಅಂತ ಒಂದು ಸಬ್‌ಕ್ಲಾಸ್ ಮಾಡಿ ದಂಡ 5 ಮಾಡು," ಅಂದೆ. ಮಾಡಿದಳು. ಎರವಲು ಆಗಲೂ 2ರ ಲೆಕ್ಕವನ್ನೇ ಕೊಟ್ಟಿತು! ಹೆಸರನ್ನು ಗಟ್ಟಿಯಾಗಿ ಬರೆದುಬಿಟ್ಟ ಮೇಲೆ ಅದು ಮೂಲ ಕ್ಲಾಸಿನದನ್ನೇ ಓದುತ್ತದೆ. ಎರರ್ ಬಂದರೆ ಕಣ್ಣಿಗೆ ಬೀಳುತ್ತದೆ. ತಪ್ಪು ಲೆಕ್ಕ ಸದ್ದಿಲ್ಲದೆ ಹೊರಗೆ ಹೋಗುತ್ತದೆ, ನನಗೆ ಭಯ ಅದರದ್ದೇ. ಕೊನೆಗೆ ಎರವಲಿನ ಕ್ಲಾಸನ್ನು ಹೊರಗೆ ತಂದು, ಪ್ರತಿ ಎರವಲೂ ಹುಟ್ಟುವಾಗಲೇ ತನ್ನ ಗ್ರಂಥಾಲಯದ ಆಬ್ಜೆಕ್ಟನ್ನು ಕೈಗೆ ತೆಗೆದುಕೊಳ್ಳುವಂತೆ ಬರೆದೆವು. ಜಾವಾ ಗುಟ್ಟಾಗಿ ಮಾಡುವುದನ್ನು ಇಲ್ಲಿ ನಾವೇ ಎದುರಿಗೆ ಬರೆದಂತಾಯಿತು. ನನಗೆ ಇದೇ ಇಷ್ಟ. ಓದುವವರಿಗೆ ಸಂಬಂಧ ಕಾಣಬೇಕು.

ಆಮೇಲೆ ಬಂತು ಪಟ್ಟಿಯ ಗೋಳು. 'ಪುಸ್ತಕಗಳು' ಎಂಬ ಖಾಲಿ ಲಿಸ್ಟನ್ನೂ ಕ್ಲಾಸ್ ವೇರಿಯೇಬಲ್ ಆಗಿಯೇ ಇಟ್ಟಿದ್ದಳು. ದಾವಣಗೆರೆಗೆ ಒಂದು, ಹರಿಹರಕ್ಕೆ ಒಂದು ಆಬ್ಜೆಕ್ಟ್ ಮಾಡಿ ದಾವಣಗೆರೆಗೆ ಪುಸ್ತಕ ಸೇರಿಸಿದರೆ ಹರಿಹರದಲ್ಲೂ ಪ್ರತ್ಯಕ್ಷ. ಆದರೆ ಹರಿಹರದ ಆಬ್ಜೆಕ್ಟಿನಲ್ಲಿ ದಂಡವನ್ನು 5 ಮಾಡಿದರೆ ದಾವಣಗೆರೆಯದ್ದು 2ರಲ್ಲೇ ಇದೆ. "ಒಂದು ಹಂಚ್ಕೊಳ್ಳತ್ತೆ, ಇನ್ನೊಂದು ಹಂಚ್ಕೊಳ್ಳಲ್ಲ. ಏನಿದು?"

'ವಾರ್ಸ್' ಫಂಕ್ಷನ್ ಬಳಸಿ ಎರಡೂ ಆಬ್ಜೆಕ್ಟುಗಳ ಒಳಗೆ ಏನಿದೆ ಎಂದು ನೋಡಲು ಹೇಳಿದೆ. ಹರಿಹರದಲ್ಲಿ ದಂಡ 5 ಇತ್ತು. ದಾವಣಗೆರೆಯದ್ದು ಖಾಲಿ. ಪುಸ್ತಕಗಳು ಎರಡರಲ್ಲೂ ಇಲ್ಲ. ಓದುವಾಗ ಪೈಥಾನ್ ಮೊದಲು ಆಬ್ಜೆಕ್ಟಿನಲ್ಲಿ ಹುಡುಕಿ, ಸಿಗದಿದ್ದರೆ ಕ್ಲಾಸಿಗೆ ಹೋಗುತ್ತದೆ. 'ಅಪೆಂಡ್' ಮಾಡಿ ಪುಸ್ತಕ ಸೇರಿಸಿದಾಗ ಕ್ಲಾಸಿನಲ್ಲಿ ಸಿಕ್ಕ ಆ ಒಂದೇ ಲಿಸ್ಟ್ ಬದಲಾಗುತ್ತದೆ. ಆಬ್ಜೆಕ್ಟಿನ ಮೂಲಕ ಸಮ ಚಿಹ್ನೆ ಹಾಕಿ ಬೆಲೆ ಕೊಟ್ಟರೆ ಮಾತ್ರ ಆ ಆಬ್ಜೆಕ್ಟಿನಲ್ಲೇ ಹೊಸದೊಂದು ಹುಟ್ಟುತ್ತದೆ, ಕ್ಲಾಸಿನದು ಅದರ ಮರೆಗೆ ಸರಿಯುತ್ತದೆ. ಅವಳು ಪರದೆಯನ್ನು ನೋಡುತ್ತಾ "ಓ, ಬರೀ ಓದೋದು ಮಾತ್ರ ಮೇಲಕ್ಕೆ ಹೋಗತ್ತೆ, ಬರೆಯೋದು ಇಲ್ಲೇ ಉಳಿಯತ್ತೆ," ಅಂದಳು. ನಾನು ಇನ್ನೂ ಉದ್ದಕ್ಕೆ ಹೇಳುತ್ತಿದ್ದೆನೇನೋ.

ಲಿಸ್ಟನ್ನು, ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ಓಡುವ 'ಇನಿಟ್' ಮೆಥಡಿಗೆ ಸಾಗಿಸಿದಳು. ಒಟ್ಟು ಎಷ್ಟು ಎರವಲು ಆಯಿತು ಎನ್ನುವ ಲೆಕ್ಕವನ್ನು ಮಾತ್ರ ಕ್ಲಾಸ್ ವೇರಿಯೇಬಲ್ ಆಗಿ ಉಳಿಸಿಕೊಂಡಳು. ಅದು ನಿಜಕ್ಕೂ ಎಲ್ಲರಿಗೂ ಸೇರಿದ್ದು. ಒಂದು ಕೂಡಿಸುವ ಸಾಲನ್ನು 'ಸೆಲ್ಫ್.ಒಟ್ಟು' ಎಂದು ('ಸೆಲ್ಫ್' ಅಂದರೆ ಆ ಆಬ್ಜೆಕ್ಟೇ) ಆರಂಭಿಸಿದವಳು, ನಾನು ಬಾಯಿ ತೆರೆಯುವ ಮೊದಲೇ ಅಳಿಸಿ 'ಎರವಲು.ಒಟ್ಟು' ಎಂದು ಬರೆದಳು.